ಎಲೆ ತಿರುಗಿಸಿ ನೋಡಿ: ಮನೆಯ ಕುಂಡದ ಗಿಡಕ್ಕೆ ಜೇಡ ನುಸಿ ಬಿದ್ದಾಗ

ಹೋದ ವರ್ಷ ಏಪ್ರಿಲ್‌ನಲ್ಲಿ ಮೈಸೂರಿನ ಕುವೆಂಪುನಗರದ ನಮ್ಮ ಮನೆಯ ಬಾಲ್ಕನಿಯಲ್ಲಿದ್ದ ಗುಲಾಬಿ ಗಿಡ ಮಂಕಾಯಿತು. ಎಲೆ ಹಳದಿ ಅಂತಲೂ ಹೇಳುವ ಹಾಗಿರಲಿಲ್ಲ, ಹಸಿರು ಅಂತಲೂ ಹೇಳುವ ಹಾಗಿರಲಿಲ್ಲ. ಯಾರೋ ಎಲೆಯ ಮೇಲೆ ಸಣ್ಣ ರವೆ ಉದುರಿಸಿದ ಹಾಗೆ ಬಿಳಿ ಬಿಳಿ ಚುಕ್ಕಿ. ಬಿಸಿಲು ಜಾಸ್ತಿ, ನೀರು ಸಾಲುತ್ತಿಲ್ಲ ಅಂದುಕೊಂಡು ಎರಡು ಹೊತ್ತು ನೀರು ಹಾಕಿದೆ. ಆಮೇಲೆ ಎರಡು ಹಿಡಿ ಎರೆಹುಳು ಗೊಬ್ಬರ ಹಾಕಿದೆ. ಅತ್ತೆ, "ಹೂ ಚೆನ್ನಾಗಿ ಬಿಡ್ತಿತ್ತಲ್ಲಮ್ಮ, ಯಾರ ಕಣ್ಣು ಬಿತ್ತೋ" ಅಂದರು. ಹತ್ತು ದಿನ ಕಳೆಯಿತು. ಒಂದು ಬೆಳಿಗ್ಗೆ ಮೊಗ್ಗಿನ ಕುತ್ತಿಗೆಗೆ ತೆಳುವಾದ ಬಲೆ ಸುತ್ತಿಕೊಂಡಿತ್ತು. ಓರೆ ಬಿಸಿಲಿನಲ್ಲಿ ಆ ಬಲೆಯ ಎಳೆ ಹಿಡಿದು ಧೂಳಿನ ಕಣದಂಥವು ನಡೆದಾಡುತ್ತಿದ್ದವು. ಆಗಷ್ಟೇ ನಾನು ಮೊದಲ ಸಲ ಎಲೆಯನ್ನು ತಿರುಗಿಸಿ ನೋಡಿದ್ದು.

ಅಂಗಡಿಗೆ ಹೋಗಿ "ನುಸಿ ಬಿದ್ದಿದೆ, ಔಷಧಿ ಕೊಡಿ" ಅಂದೆ. ಒಂದು ಸಣ್ಣ ಬಾಟಲಿ ಕೊಟ್ಟರು. ತಂದು ಹೊಡೆದೆ. ಎರಡು ವಾರದಲ್ಲಿ ನುಸಿ ಕಡಿಮೆಯಾಗುವ ಬದಲು ಪಕ್ಕದ ದಾಸವಾಳಕ್ಕೂ ಹಾಲ್‌ನಲ್ಲಿದ್ದ ಅರೆಕಾ ಪಾಮ್‌ಗೂ ಹಬ್ಬಿತ್ತು. ಅದನ್ನು ಪೂರ್ತಿ ತೊಲಗಿಸಲು ಐದು ವಾರ ಬೇಕಾಯಿತು. ನಿಮಗೆ ಅಷ್ಟು ದಿನ ಹಿಡಿಯಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಇದು ನುಸಿಯೇನಾ? ಮೊದಲು ಅದನ್ನು ತಿಳಿದುಕೊಳ್ಳಿ

ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. ಮಂಕಾಗಿರುವ ಕೊಂಬೆಯ ಕೆಳಗೆ ಹಿಡಿದು ಎಲೆಗಳನ್ನು ಬೆರಳಿನಿಂದ ನಾಲ್ಕೈದು ಸಲ ತಟ್ಟಿ. ಹಾಳೆಯ ಮೇಲೆ ಧೂಳು, ಕಸ ಏನೇನೋ ಬೀಳುತ್ತದೆ. ಅವಸರ ಬೇಡ. ಅರ್ಧ ನಿಮಿಷ ಹಾಳೆಯನ್ನು ಅಲ್ಲಾಡಿಸದೆ ನೋಡುತ್ತಾ ಇರಿ. ಧೂಳು ಬಿದ್ದಲ್ಲೇ ಇರುತ್ತದೆ. ನುಸಿ ನಿಧಾನವಾಗಿ ನಡೆಯಲು ಶುರು ಮಾಡುತ್ತದೆ. ಗಾತ್ರ ಸುಮಾರು ಅರ್ಧ ಮಿಲಿಮೀಟರ್, ಪೆನ್ನಿನ ತುದಿ ತಾಗಿಸಿದರೆ ಬೀಳುವ ಚುಕ್ಕಿಯಷ್ಟು. ಬಣ್ಣ ಕೆಂಪು ಇರಬಹುದು, ಕಂದು ಇರಬಹುದು, ಬೆನ್ನ ಎರಡೂ ಕಡೆ ಕಪ್ಪು ಮಚ್ಚೆ ಇರುವ ತಿಳಿ ಹಸಿರೂ ಇರಬಹುದು. ಈಗ ಅದರ ಮೇಲೆ ಬೆರಳು ಇಟ್ಟು ಉಜ್ಜಿ. ಹಾಳೆಯಲ್ಲಿ ಕೆಂಪು ಅಥವಾ ಹಸಿರು ಮಿಶ್ರಿತ ಕಂದು ಗೆರೆ ಎಳೆದುಕೊಂಡರೆ ಅದು ನಿಮ್ಮ ಗಿಡದ ರಸ ಕುಡಿದ ನುಸಿ.

ಇನ್ನೊಂದು ಗುರುತು ಎಲೆಯ ಅಡಿಭಾಗದಲ್ಲಿ ಸಿಗುತ್ತದೆ. ಮನೆಯಲ್ಲಿ ಭೂತಕನ್ನಡಿ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಮೊಬೈಲ್ ಕ್ಯಾಮೆರಾದಲ್ಲಿ ಹತ್ತಿರದಿಂದ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ. ಎಲೆಯ ನಡುನರದ ಪಕ್ಕದಲ್ಲಿ ಮೊಟ್ಟೆಗಳಿರುತ್ತವೆ, ನೀರಿನ ಹನಿಯ ಹಾಗೆ ದುಂಡಗೆ, ಹೊಳೆಯುತ್ತಾ. ಅಲ್ಲಲ್ಲಿ ಬಿಳಿ ಹೊಟ್ಟು ಅಂಟಿಕೊಂಡಿರುತ್ತದೆ. ಅದು ಮರಿಗಳು ಬೆಳೆಯುವಾಗ ಕಳಚಿದ ಪೊರೆ. ನಾನು ಮೊದಲು ಆ ಹೊಟ್ಟನ್ನೇ ನುಸಿ ಅಂದುಕೊಂಡಿದ್ದೆ. ಸುಮ್ನೆ ಅದನ್ನು ನೋಡಿ ಗಾಬರಿಯಾಗಬೇಡಿ. ನುಸಿ ಸತ್ತ ಮೇಲೂ ಆ ಪೊರೆ ಎಲೆಗೆ ಅಂಟಿಕೊಂಡೇ ಇರುತ್ತದೆ.

ಬಲೆ ಕಾಣಿಸುವ ತನಕ ಕಾಯಬೇಡಿ. ಬಲೆ ಕಂಡಿತು ಅಂದರೆ ನುಸಿ ಬಂದು ಬಹಳ ದಿನ ಆಗಿದೆ, ಎಲೆಯಲ್ಲಿ ಜಾಗ ಸಾಲದಷ್ಟು ಹೆಚ್ಚಿದೆ ಅಂತ ಅರ್ಥ.

ನುಸಿ ಅಲ್ಲದಿದ್ದರೆ ಮತ್ತೇನು?

ಎಲೆ ಅಂಟಂಟಾಗಿದೆಯಾ? ಕುಂಡಕ್ಕೆ ಇರುವೆ ಸಾಲು ಹತ್ತುತ್ತಿದೆಯಾ? ಹಾಗಿದ್ದರೆ ಅದು ಈ ನುಸಿಯ ಕೆಲಸ ಅಲ್ಲ. ಜೇಡ ನುಸಿ ಸಿಹಿ ಅಂಟು ಬಿಡುವುದಿಲ್ಲ. ಅಂಟು ಬಿಡುವುದು ಗಿಡದ ಹೇನು, ಬಿಳಿ ನೊಣ, ಹತ್ತಿಯಂತೆ ಕಾಣುವ ಹಿಟ್ಟು ತಿಗಣೆ. ದಾಸವಾಳಕ್ಕೆ ಹಿಟ್ಟು ತಿಗಣೆ ಬೀಳುವುದು ಮನೆಮನೆಯಲ್ಲೂ ಇದ್ದದ್ದೇ.

ಎಲೆಯ ಮೇಲೆ ಚುಕ್ಕಿಯ ಬದಲು ಬೆಳ್ಳಿ ಬಣ್ಣದ ಗೀರು ಇದ್ದು, ಜೊತೆಗೆ ಸಣ್ಣ ಕಪ್ಪು ಹಿಕ್ಕೆ ಕಂಡರೆ ಅದು ಥ್ರಿಪ್ಸ್ ಅನ್ನುವ ಸಣ್ಣ ಕೀಟ. ಥ್ರಿಪ್ಸ್ ಉದ್ದಕ್ಕಿರುತ್ತದೆ, ಹಾಳೆಯ ಮೇಲೆ ಚುರುಕಾಗಿ ಓಡುತ್ತದೆ. ಬಿಳಿ ಹಿಟ್ಟು ಬಳಿದ ಹಾಗಿದ್ದು ಬೆರಳಿಗೆ ಹತ್ತಿದರೆ ಬೂದಿ ರೋಗ. ಕೆಳಗಿನ ಹಳೆಯ ಎಲೆಗಳು ಮಾತ್ರ ಒಂದೇ ಸಮನೆ ಹಳದಿಯಾದರೆ ಸಾರಜನಕದ ಕೊರತೆ. ನರ ಹಸಿರಾಗಿದ್ದು ನಡುವಿನ ಜಾಗ ಹಳದಿಯಾದರೆ ಮೆಗ್ನೀಷಿಯಂ ಕೊರತೆ ಇರಬಹುದು. ಇವು ಯಾವುದರಲ್ಲೂ ರವೆ ಉದುರಿಸಿದಂಥ ಚುಕ್ಕಿ ಇರುವುದಿಲ್ಲ. ನುಸಿ ತನ್ನ ಸೂಜಿಯಂಥ ಬಾಯಿಂದ ಎಲೆಯ ಒಂದೊಂದೇ ಜೀವಕೋಶ ಚುಚ್ಚಿ ಒಳಗಿನ ಹಸಿರನ್ನು ಹೀರುತ್ತದೆ. ಹೀರಿದ ಜಾಗ ಖಾಲಿಯಾಗಿ ಬೆಳ್ಳಗೆ ಕಾಣುತ್ತದೆ. ಆ ಚುಕ್ಕಿಗಳು ಅದೇ.

ಅಂಗಡಿಯಲ್ಲಿ ಆಗುವ ಎಡವಟ್ಟು

ನಮ್ಮ ಕಡೆ "ನುಸಿ" ಅನ್ನುವ ಮಾತು ಬಹಳ ಅಗಲವಾದದ್ದು. ಮದ್ದೂರಿನ ಹತ್ತಿರ ತೋಟ ಮಾಡುವ ನಮ್ಮ ಮಾವನಿಗೆ ಫೋನ್ ಮಾಡಿ "ಗುಲಾಬಿಗೆ ನುಸಿ ಬಿದ್ದಿದೆ" ಅಂದಾಗ ಅವರು ಮೊದಲು ಹೇಳಿದ್ದೇ ತೆಂಗಿನ ನುಸಿ ಪೀಡೆಯ ಬಗ್ಗೆ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡು ಆಮೇಲೆ ನಮ್ಮ ಕಡೆಯ ತೋಟಗಳಿಗೂ ಬಂದ ಆ ನುಸಿ ಬೇರೆ ಜಾತಿಯದು. ಅದು ಹುಳುವಿನ ಹಾಗೆ ಉದ್ದಕ್ಕಿರುತ್ತದೆ, ಕಾಲು ನಾಲ್ಕೇ, ಎಳೆಗಾಯಿಯ ತೊಟ್ಟಿನ ಅಡಿ ಸೇರಿಕೊಂಡು ಕಾಯಿಯ ಸಿಪ್ಪೆಯನ್ನು ಹಾಳು ಮಾಡುತ್ತದೆ. ಮೆಣಸಿನ ಗಿಡಕ್ಕೆ ಎಲೆ ಮುಟುರು ರೋಗ ತರುವ ನುಸಿ ಇನ್ನೊಂದು. ಸಾಲದ್ದಕ್ಕೆ ಥ್ರಿಪ್ಸನ್ನೂ ಎಷ್ಟೋ ಜನ "ಥ್ರಿಪ್ಸ್ ನುಸಿ" ಅಂತಲೇ ಕರೆಯುತ್ತಾರೆ.

ಬರೀ "ನುಸಿ" ಅಂದರೆ ಅಂಗಡಿಯವರು ಥ್ರಿಪ್ಸ್ ಔಷಧಿ ಕೊಟ್ಟುಬಿಡಬಹುದು. ನನಗೆ ಸಿಕ್ಕಿದ್ದು ಇಮಿಡಾಕ್ಲೋಪ್ರಿಡ್. ಅದು ಹೇನಿಗೆ, ಬಿಳಿ ನೊಣಕ್ಕೆ ಕೆಲಸ ಮಾಡುತ್ತದೆ. ಜೇಡ ನುಸಿಯನ್ನು ಕೊಲ್ಲುವುದಿಲ್ಲ, ಎಷ್ಟೋ ಸಲ ಅದನ್ನು ಹೆಚ್ಚಿಸುತ್ತದೆ. ಜೇಡ ನುಸಿ ಕೀಟವೇ ಅಲ್ಲ. ಅದಕ್ಕೆ ಎಂಟು ಕಾಲು, ಅದು ಜೇಡ, ಉಣ್ಣೆಗಳ ಬಳಗದ್ದು. ಕೀಟದ ಔಷಧಿ ಹೊಡೆದಾಗ ನುಸಿಯನ್ನು ತಿನ್ನುವ ಸಣ್ಣ ಕಪ್ಪು ಗುಲಗಂಜಿ ಹುಳು, ಬೇಟೆ ನುಸಿ ಇವೆಲ್ಲ ಸಾಯುತ್ತವೆ. ನುಸಿ ಮಾತ್ರ ಉಳಿಯುತ್ತದೆ. ಹೆಸರಿನ ಕೊನೆಯಲ್ಲಿ "ಥ್ರಿನ್" ಅಂತ ಬರುವ ಔಷಧಿಗಳೂ ಇದೇ ತೊಂದರೆ ಕೊಡುತ್ತವೆ. ಅಂಗಡಿಗೆ ಹೋದರೆ "ಕೆಂಪು ಜೇಡ ನುಸಿ, ರೆಡ್ ಮೈಟ್" ಅಂತ ಬಿಡಿಸಿ ಹೇಳಿ. ಆದರೆ ಮೊದಲ ಎರಡು ವಾರ ಅಂಗಡಿಯ ದಾರಿ ಹಿಡಿಯುವುದೇ ಬೇಡ ಅನ್ನುವುದು ನನ್ನ ಮಾತು.

ಬಾಟಲಿಗಿಂತ ದಿನದ ಲೆಕ್ಕ ಮುಖ್ಯ

ಇಡೀ ಕೆಲಸದ ಗುಟ್ಟು ಇರುವುದು ಇಲ್ಲೇ. ಮೈಸೂರಿನ ಮಾರ್ಚ್, ಏಪ್ರಿಲ್ ಸೆಕೆಯಲ್ಲಿ ಮೊಟ್ಟೆ ಮೂರು, ನಾಲ್ಕು ದಿನಕ್ಕೆ ಒಡೆಯುತ್ತದೆ. ಮೊಟ್ಟೆಯಿಂದ ಹಿಡಿದು ಮತ್ತೆ ಮೊಟ್ಟೆಯಿಡುವ ಹೆಣ್ಣಾಗಲು ಏಳರಿಂದ ಹತ್ತು ದಿನ ಸಾಕು. ಒಂದು ಹೆಣ್ಣು ತನ್ನ ಬಾಳಿನಲ್ಲಿ ಸುಮಾರು ನೂರು ಮೊಟ್ಟೆ ಇಡುತ್ತದೆ. ಗಂಡು ಸಿಗದಿದ್ದರೂ ಇಡುತ್ತದೆ, ಆ ಮೊಟ್ಟೆಗಳಿಂದ ಗಂಡು ಹುಟ್ಟುತ್ತದೆ, ಸಂಸಾರ ಮುಂದುವರಿಯುತ್ತದೆ. ಅಂದರೆ ಒಂದೇ ಒಂದು ಉಳಿದರೂ ಸಾಕು.

ನೀರು, ಸೋಪು, ಬೇವಿನೆಣ್ಣೆ ನಡೆದಾಡುವ ನುಸಿಯನ್ನು ಕೊಲ್ಲುತ್ತವೆ. ಮೊಟ್ಟೆಗಳಲ್ಲಿ ಬಹುಪಾಲು ಉಳಿದುಬಿಡುತ್ತವೆ. ಇವತ್ತು ಹೊಡೆದು "ಹೋಯ್ತಪ್ಪ" ಅಂತ ಸುಮ್ಮನಾದರೆ ಮೂರನೇ ದಿನ ಮರಿ ಹೊರಗೆ ಬರುತ್ತವೆ, ಮುಂದಿನ ವಾರಕ್ಕೆ ಅವೂ ಮೊಟ್ಟೆಯಿಡುತ್ತವೆ. ಮರಿ ದೊಡ್ಡದಾಗಿ ಮೊಟ್ಟೆಯಿಡುವ ಮುಂಚೆ ಎರಡನೇ ಸಲ ಹೊಡೆಯಬೇಕು. ಹಾಗಾಗಿ ಬೇಸಿಗೆಯಲ್ಲಿ 1ನೇ ದಿನ, 4ನೇ ದಿನ, 7ನೇ ದಿನ, 10ನೇ ದಿನ, 14ನೇ ದಿನ. ನಾನು ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ್ದೆ. ಒಂದು ದಿನ ತಪ್ಪಿದರೆ ಅಲ್ಲಿಂದ ಮತ್ತೆ ಮೊದಲಿನಿಂದ ಅಂತ ತಿಳಿಯಿರಿ. ಡಿಸೆಂಬರ್ ಚಳಿಯಲ್ಲಿ ನುಸಿ ನಿಧಾನವಾಗಿ ಬೆಳೆಯುತ್ತದೆ, ಆಗ ಆರೇಳು ದಿನಕ್ಕೊಮ್ಮೆ ಹೊಡೆದರೆ ಸಾಕು.

ಮೊದಲ ದಿನ ಮಾಡುವ ಕೆಲಸ

ನುಸಿ ಕಂಡ ಗಿಡವನ್ನು ಬೇರೆ ಗಿಡಗಳಿಂದ ದೂರ ಒಯ್ಯಿರಿ. ಎಲೆಗೆ ಎಲೆ ತಾಗಿದರೆ ನುಸಿ ನಡೆದು ದಾಟುತ್ತದೆ. ಬಲೆಯ ಎಳೆ ಹಿಡಿದು ಗಾಳಿಯಲ್ಲೂ ತೇಲುತ್ತದೆ. ನಿಮ್ಮ ಸೀರೆ ಸೆರಗಿಗೆ, ತೋಳಿಗೆ ಅಂಟಿಯೂ ಹೋಗುತ್ತದೆ. ಅದಕ್ಕೇ ಚೆನ್ನಾಗಿರುವ ಗಿಡಗಳ ಕೆಲಸ ಮೊದಲು ಮುಗಿಸಿ, ನುಸಿ ಗಿಡವನ್ನು ಕೊನೆಗೆ ಮುಟ್ಟಿ.

ಬಲೆ ಕಟ್ಟಿದ, ಪೂರ್ತಿ ಬಿಳುಚಿದ ಎಲೆ, ಮೊಗ್ಗು ಎಲ್ಲ ಕತ್ತರಿಸಿ. ನೋವಾಗುತ್ತದೆ, ಗೊತ್ತು. ಅರಳಲಿದ್ದ ಆರು ಮೊಗ್ಗನ್ನು ನಾನೂ ಕತ್ತರಿಸಿದ್ದೇನೆ. ಕತ್ತರಿಸಿದ್ದನ್ನು ಆಗಲೇ ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಕಟ್ಟಿ. ಬಾಲ್ಕನಿ ಮೂಲೆಯ ಕಾಂಪೋಸ್ಟ್ ಡಬ್ಬಕ್ಕೆ ಮಾತ್ರ ಹಾಕಬೇಡಿ.

ಈಗ ನೀರು. ಹೊರಗಿನ ಗಿಡಕ್ಕೆ ಭರಣಿ ಮಳೆ ಜೋರಾಗಿ ಒಂದು ಸಲ ಬಿದ್ದರೆ ಅರ್ಧ ನುಸಿ ತೊಳೆದುಹೋಗುತ್ತದೆ. ಮನೆಯೊಳಗಿನ ಗಿಡಕ್ಕೆ, ಸಜ್ಜೆ ಕೆಳಗಿನ ಗಿಡಕ್ಕೆ ಆ ಮಳೆ ಸಿಗುವುದೇ ಇಲ್ಲ. ಆ ಮಳೆಯನ್ನು ನಾವೇ ಸುರಿಸಬೇಕು, ಅದೂ ಕೆಳಗಿನಿಂದ ಮೇಲಕ್ಕೆ. ನಾನು ಮಾಡುವುದು ಹೀಗೆ. ಕುಂಡದ ಬಾಯಿಗೆ ಪ್ಲಾಸ್ಟಿಕ್ ಕವರ್ ಸುತ್ತಿ ಕಾಂಡದ ಬುಡಕ್ಕೆ ದಾರ ಕಟ್ಟುತ್ತೇನೆ, ಮಣ್ಣು ಚೆಲ್ಲದ ಹಾಗೆ. ಬಚ್ಚಲಿನಲ್ಲಿ ಕುಂಡವನ್ನು ಮಗ್ಗುಲಾಗಿ ಮಲಗಿಸುತ್ತೇನೆ. ಪೈಪಿನ ಬಾಯಿಗೆ ಹೆಬ್ಬೆರಳು ಅಡ್ಡ ಹಿಡಿದು ನೀರು ಚಿಮ್ಮುವ ಹಾಗೆ ಮಾಡಿ, ಇನ್ನೊಂದು ಕೈಯಲ್ಲಿ ಎಲೆಗಳನ್ನು ಅಂಗೈ ಮೇಲೆ ಇಟ್ಟುಕೊಂಡು ಅಡಿಭಾಗಕ್ಕೆ ಹೊಡೆಯುತ್ತೇನೆ. ಕುಂಡ ಉರುಳಿಸುತ್ತಾ ನಾಲ್ಕೂ ಕಡೆ. ನೀರು ಜೋರಾಗಿರಬೇಕು, ಎಲೆ ಹರಿಯಬಾರದು. ಹ್ಯಾಂಡ್ ಶವರ್ ಇದ್ದರೆ ಇನ್ನೂ ಸುಲಭ. ಪಾಮ್‌ನ ಉದ್ದ ಗರಿಗಳನ್ನು ಒದ್ದೆ ಬಟ್ಟೆಯಿಂದ ಬುಡದಿಂದ ತುದಿಗೆ ಒರೆಸುವುದು ಮೇಲು. ಒರೆಸಿದ ಬಟ್ಟೆ ನೋಡಿದರೆ ನಿಮಗೇ ಗೊತ್ತಾಗುತ್ತದೆ, ಕೆಂಪು ಮಸಿಯಂಥದ್ದು ಹತ್ತಿರುತ್ತದೆ.

ಗುಲಾಬಿಯನ್ನು ಬೆಳಿಗ್ಗೆಯೇ ತೊಳೆಯಿರಿ. ರಾತ್ರಿಯೆಲ್ಲ ಎಲೆ ಒದ್ದೆ ಇದ್ದರೆ ಕಪ್ಪು ಚುಕ್ಕೆ ರೋಗ ಬರುತ್ತದೆ. ಕುಂಡ ಇಟ್ಟಿದ್ದ ಜಾಗ, ಕಿಟಕಿ ಸರಳು, ಅಡಿತಟ್ಟೆ ಎಲ್ಲವನ್ನೂ ಸೋಪು ನೀರಿನಲ್ಲಿ ಒರೆಸಿ.

ಸಿಂಪಡಣೆಗೆ ಏನು, ಎಷ್ಟು

ತೊಳೆದ ದಿನ ಸಂಜೆ, ಬಿಸಿಲು ಇಳಿದ ಮೇಲೆ ಸಿಂಪಡಿಸಿ. ಒಂದು ಲೀಟರ್ ಉಗುರು ಬೆಚ್ಚಗಿನ ನೀರಿಗೆ 2 ಮಿಲಿ ದ್ರವ ಸೋಪು ಹಾಕಿ ಕಲಕಿ. ಆಮೇಲೆ 5 ಮಿಲಿ ಬೇವಿನೆಣ್ಣೆಯನ್ನು ಸ್ವಲ್ಪ ಸ್ವಲ್ಪವಾಗಿ ಬಿಟ್ಟು, ನೀರು ಹಾಲಿನ ಹಾಗೆ ಆಗುವ ತನಕ ಅಲ್ಲಾಡಿಸಿ. ಎಣ್ಣೆ ಮೇಲೆ ತೇಲುತ್ತಿದ್ದರೆ ಹೊಡೆಯಬೇಡಿ, ಎಲೆ ಸುಡುತ್ತದೆ. ಕಲಸಿದ್ದನ್ನು ಅಂದೇ ಮುಗಿಸಿ, ನಾಳೆಗೆ ಇಡಬೇಡಿ. ಮೊದಲು ಒಂದೆರಡು ಎಲೆಗೆ ಹೊಡೆದು ಒಂದು ದಿನ ನೋಡಿ. ಎಳೆ ಚಿಗುರು ಕೆಲವು ಗಿಡಗಳಲ್ಲಿ ತಡೆಯುವುದಿಲ್ಲ. ಬಟ್ಟೆ ಒಗೆಯುವ ಪುಡಿ ಬೇಡವೇ ಬೇಡ. ಬೇವಿನೆಣ್ಣೆ ವಾಸನೆ ಮನೆಯೊಳಗೆ ಕಷ್ಟ ಅನ್ನಿಸಿದರೆ ಬರೀ ಸೋಪು ನೀರು, ಲೀಟರಿಗೆ 5 ಮಿಲಿ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ರೂಪಿಸಿದ ಬೇವಿನ ಸೋಪು, ಹೊಂಗೆ ಸೋಪು ಕೂಡ ಇವೆ. ಸಿಕ್ಕರೆ ಪ್ಯಾಕೆಟ್ ಮೇಲೆ ಬರೆದಷ್ಟೇ ಬಳಸಿ.

ನೀರಿನ ಬಗ್ಗೆ ಒಂದು ಮಾತು. ನಮ್ಮ ಮನೆಗೆ ಕಾವೇರಿ ನೀರೂ ಬರುತ್ತದೆ, ಬೋರ್‌ವೆಲ್ ನೀರೂ ಇದೆ. ಮೊದಲ ಎರಡು ಸಲ ನಾನು ಬೋರ್ ನೀರಿನಲ್ಲೇ ಕಲಸಿದ್ದೆ. ಸೋಪು ನೊರೆಯೇ ಬರಲಿಲ್ಲ, ಬಕೆಟ್ ಅಂಚಿಗೆ ಬಿಳಿ ಕೆನೆಯಂತೆ ಕಟ್ಟಿಕೊಂಡಿತು. ಗಡಸು ನೀರಿನಲ್ಲಿ ಸೋಪು ಒಡೆದುಹೋಗುತ್ತದೆ, ನುಸಿಗೆ ತಾಗುವುದು ಬರೀ ನೀರು. ನಲ್ಲಿಯ ಕಾವೇರಿ ನೀರಿನಲ್ಲಿ ಅಥವಾ ಹಿಡಿದಿಟ್ಟ ಮಳೆ ನೀರಿನಲ್ಲಿ ಕಲಸಿ. ಮಂಡ್ಯ ಕಡೆ ಬರೀ ಬೋರ್ ನೀರು ನಂಬಿರುವವರು ಸಿಂಪಡಣೆಗಾಗಿ ಒಂದು ಲೀಟರ್ ಆರ್‌ಒ (RO) ಫಿಲ್ಟರ್ ನೀರು ತೆಗೆದಿಟ್ಟುಕೊಂಡರೂ ಆಯಿತು.

ಹೊಡೆಯುವಾಗ ಬಾಟಲಿಯ ಮೂತಿ ಮೇಲ್ಮುಖ ಇರಲಿ. ಎಲೆಯ ಅಡಿಯಿಂದ ಹನಿ ತೊಟ್ಟಿಕ್ಕಬೇಕು. ಇವು ನುಸಿಯ ಮೈಗೆ ತಾಗಿದರೆ ಮಾತ್ರ ಕೊಲ್ಲುತ್ತವೆ. ತಾಗದೆ ಉಳಿದದ್ದು ಬದುಕಿತು ಅಂತಲೇ ಲೆಕ್ಕ.

ಹೊಡೆದರೂ ಹೋಗುತ್ತಿಲ್ಲ ಅಂದರೆ

ಮೂರು ಸಲ ಹೊಡೆದ ಮೇಲೂ ಹಾಳೆಯಲ್ಲಿ ನುಸಿ ಬೀಳುತ್ತಿದ್ದರೆ ಔಷಧಿ ಬದಲಿಸುವ ಮುಂಚೆ ನಾಲ್ಕು ಕಡೆ ಕಣ್ಣು ಹಾಯಿಸಿ. ಮೊದಲನೆಯದು ಮುಚ್ಚಿದ ಜಾಗ. ಗುಲಾಬಿ ಕೊಂಬೆಗಳು ದಟ್ಟವಾಗಿ ಹೆಣೆದುಕೊಂಡಿದ್ದರೆ ಒಳಗಿನ ಎಲೆಗೆ ನೀರೇ ತಲುಪಿರುವುದಿಲ್ಲ. ಆಮೇಲೆ ಪಕ್ಕದ ಗಿಡ. ನಮ್ಮ ಮನೆಯಲ್ಲಿ ನುಸಿ ಮತ್ತೆ ಮತ್ತೆ ಬರುತ್ತಿದ್ದದ್ದು ಮಹಡಿಯ ಬದನೆ ಗಿಡದಿಂದ. ಈರನಗೆರೆ ಬದನೆ ಬೀಜ ಹಾಕಿ ಆಸೆಯಿಂದ ಬೆಳೆಸಿದ್ದೆ. ಬದನೆಯ ಎಲೆಗೆ ಬೂದು ಬಣ್ಣ, ತುಪ್ಪುಳ ಬೇರೆ, ಚುಕ್ಕಿ ಕಣ್ಣಿಗೇ ಬಿದ್ದಿರಲಿಲ್ಲ. ಈ ನುಸಿ ಸಾವಿರಕ್ಕೂ ಹೆಚ್ಚು ಜಾತಿಯ ಗಿಡಗಳ ಮೇಲೆ ಬದುಕುತ್ತದೆ. ಎಲ್ಲ ಕುಂಡಗಳನ್ನೂ ಹಾಳೆ ಹಿಡಿದು ತಟ್ಟಿ ನೋಡಬೇಕು, ಚೆನ್ನಾಗಿ ಕಾಣುವುದನ್ನೂ ಸಹ.

ಮೂರನೆಯದು ಜಾಗದ ಬಿಸಿ ಮತ್ತು ಧೂಳು. ಪಡುವಣ ಕಿಟಕಿ, ಎಸಿಯ ಗಾಳಿ ನೇರವಾಗಿ ಬಡಿಯುವ ಮೂಲೆ, ರಸ್ತೆ ಕಡೆಯ ಬಾಲ್ಕನಿ ಇವೆಲ್ಲ ನುಸಿಗೆ ಹೇಳಿ ಮಾಡಿಸಿದ ಜಾಗ. ಒಣ ಹವೆಯಲ್ಲಿ, ಧೂಳು ಕೂತ ಎಲೆಯಲ್ಲಿ ಅದು ಬೇಗ ಹೆಚ್ಚುತ್ತದೆ. ಬಾಯಾರಿ ಬಳಲಿದ ಗಿಡವನ್ನು ಇನ್ನೂ ಬೇಗ ಹಿಡಿಯುತ್ತದೆ. ಕೊನೆಯದು ಗೊಬ್ಬರ. ಗಿಡ ಸೊರಗಿದೆ ಅಂತ ಯೂರಿಯಾ ಸುರಿಯಬೇಡಿ. ಸಾರಜನಕ ಜಾಸ್ತಿಯಾದ ಮೆತ್ತನೆಯ ಎಲೆಯಲ್ಲಿ ನುಸಿ ಹೆಚ್ಚು ಮೊಟ್ಟೆಯಿಡುತ್ತದೆ. ನುಸಿ ಹೋಗುವ ತನಕ ಬರೀ ನೀರು ಕೊಡಿ.

ಇಷ್ಟೆಲ್ಲ ಮಾಡಿದರೂ ಬಗ್ಗದಿದ್ದರೆ, ಹೂವಿನ ಗಿಡ ಮಾತ್ರವಾದರೆ, ನೀರಿನಲ್ಲಿ ಕರಗುವ ಗಂಧಕದ ಪುಡಿ ಇದೆ. ಲೀಟರಿಗೆ 2ರಿಂದ 3 ಗ್ರಾಂ. ಎರಡು ಎಚ್ಚರ ಬೇಕು. ಬಿಸಿಲು 32 ಡಿಗ್ರಿ ದಾಟುವ ದಿನ ಹೊಡೆದರೆ ಎಲೆ ಸುಟ್ಟುಹೋಗುತ್ತದೆ. ಬೇವಿನೆಣ್ಣೆ ಹೊಡೆದು ಎರಡು, ಮೂರು ವಾರವಾದರೂ ಕಳೆದಿರಬೇಕು. ಎರಡೂ ಸೇರಿದರೆ ಗಿಡಕ್ಕೆ ವಿಷ. ಮೈಸೂರಿನ ಏಪ್ರಿಲ್‌ನಲ್ಲಿ 32 ಡಿಗ್ರಿಗಿಂತ ಕಡಿಮೆ ಇರುವ ಮಧ್ಯಾಹ್ನ ಎಲ್ಲಿ ಸಿಗುತ್ತದೆ ಹೇಳಿ. ಹಾಗಾಗಿ ಗಂಧಕ ಮಳೆಗಾಲ, ಚಳಿಗಾಲದ ಮಾತು.

ಹಳಬರು ಡೈಕೋಫಾಲ್ ಅನ್ನುವ ನುಸಿ ಔಷಧಿಯ ಹೆಸರು ಹೇಳುತ್ತಾರೆ. ಅದನ್ನು 2023ರಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿದೆ. ಹಳೆಯ ಬಾಟಲಿ ಮನೆಯಲ್ಲಿದ್ದರೂ ಮುಟ್ಟಬೇಡಿ. ಪ್ರೊಪಾರ್ಗೈಟ್, ಸ್ಪೈರೋಮೆಸಿಫೆನ್, ಅಬಾಮೆಕ್ಟಿನ್ ಹೊಲದವರ ಔಷಧಿಗಳು. ಮಕ್ಕಳು, ಬೆಕ್ಕು, ಅಡುಗೆ ಎಲ್ಲ ಇರುವ ಮನೆಯೊಳಗೆ ಅವು ಬೇಡ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಒಂದೇ ಔಷಧಿಯನ್ನು ಪದೇ ಪದೇ ಹೊಡೆದರೆ ಈ ನುಸಿ ಬಹು ಬೇಗ ಅದಕ್ಕೆ ಒಗ್ಗಿಕೊಳ್ಳುತ್ತದೆ, ಅದು ಅದರ ಹುಟ್ಟುಗುಣ. ನೀರಿನ ಹೊಡೆತಕ್ಕೆ ಮಾತ್ರ ಅದಕ್ಕೆ ಒಗ್ಗಲು ಬರುವುದಿಲ್ಲ. ಮಹಡಿ ತುಂಬ ಗಿಡ ಇಟ್ಟವರು, ಮಾರಲು ಬೆಳೆಯುವವರು ಒಂದು ನುಸಿ ಹಿಡಿದ ಕೊಂಬೆಯನ್ನು ಕವರಿನಲ್ಲಿ ಕಟ್ಟಿಕೊಂಡು ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರಕ್ಕೋ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂಗೋ ಹೋಗಿ ತೋರಿಸಿ ಕೇಳಿ.

ಅತ್ತೆಯ ವೀಳ್ಯದೆಲೆ ಬಳ್ಳಿ

ಬಚ್ಚಲ ಕಿಟಕಿಯ ಪಕ್ಕ ಅತ್ತೆ ಕುಂಡದಲ್ಲಿ ವೀಳ್ಯದೆಲೆ ಬಳ್ಳಿ ಹಬ್ಬಿಸಿದ್ದಾರೆ. ಊಟ ಆದ ಮೇಲೆ ಅಲ್ಲಿಂದಲೇ ಎರಡು ಎಲೆ ಕಿತ್ತು ಹಾಕಿಕೊಳ್ಳುತ್ತಾರೆ. ಅದಕ್ಕೂ ನುಸಿ ಬಂದಾಗ ನನಗೆ ಕೈಕಾಲು ಆಡಲಿಲ್ಲ. "ನಾನು ಬಾಯಿಗೆ ಹಾಕ್ಕೊಳ್ಳೋ ಎಲೆಗೆ ಏನೂ ಹೊಡೀಬೇಡ ಕಣಮ್ಮ" ಅಂದರು. ಸರಿ ಅಂತ ಬರೀ ನೀರು. ದಿನಾ ಬೆಳಿಗ್ಗೆ ಸ್ನಾನಕ್ಕೆ ಮುಂಚೆ ಅತ್ತೆಯೇ ಒಂದೊಂದು ಎಲೆಯನ್ನು ಎಡಗೈಯಲ್ಲಿ ಹಿಡಿದು, ತಿರುಗಿಸಿ, ಒದ್ದೆ ಹತ್ತಿ ಬಟ್ಟೆಯಿಂದ ಅಡಿಯನ್ನು ಒರೆಸುತ್ತಿದ್ದರು, ಪಂಚಪಾತ್ರೆ ಒರೆಸುವಷ್ಟೇ ನಿಧಾನವಾಗಿ. ನಲವತ್ತು, ಐವತ್ತು ಎಲೆ. ಹದಿನೆಂಟನೇ ದಿನಕ್ಕೆ ಹಾಳೆಯಲ್ಲಿ ಒಂದೂ ನುಸಿ ಬೀಳಲಿಲ್ಲ. ನನ್ನ ಗುಲಾಬಿಗಿಂತ ಮುಂಚೆ ಅವರ ಬಳ್ಳಿ ವಾಸಿಯಾಯಿತು. ತುಳಸಿ, ಪುದೀನ, ಬಸಳೆ ಥರ ಬಾಯಿಗೆ ಬರುವ ಗಿಡಗಳಿಗೆ ನಾನು ಈಗ ಇದನ್ನೇ ಮಾಡುವುದು.

ಹೋಯಿತು ಅಂತ ಯಾವಾಗ ಹೇಳಬಹುದು

ಹಳೆಯ ಎಲೆ ನೋಡಿ ತೀರ್ಮಾನ ಮಾಡಬೇಡಿ. ಒಂದು ಸಲ ಬಿಳುಚಿದ ಜಾಗ ಮತ್ತೆ ಹಸಿರಾಗುವುದಿಲ್ಲ. ಹೊಸ ಚಿಗುರು ಬಲಿತು ದೊಡ್ಡ ಎಲೆಯಾದಾಗ ಚುಕ್ಕಿ ಇಲ್ಲದೆ ನುಣ್ಣಗಿದೆಯಾ ನೋಡಿ. ಕೊನೆಯ ಸಿಂಪಡಣೆ ಆದ ಮೇಲೆ ವಾರಕ್ಕೊಮ್ಮೆ, ಮೂರು ವಾರ ಹಾಳೆ ಪರೀಕ್ಷೆ ಮಾಡಿ. ಮೂರು ಸಲವೂ ಹಾಳೆ ಸ್ವಚ್ಛವಾಗಿದ್ದರೆ ಗಿಡವನ್ನು ಮೊದಲಿನ ಜಾಗಕ್ಕೆ ತನ್ನಿ. ಒಂದೇ ಒಂದು ನಡೆದರೂ ಮತ್ತೆ 1ನೇ ದಿನದಿಂದ.

ಹೊಸ ಗಿಡ ತಂದಾಗ ಹದಿನೈದು ದಿನ ಬೇರೆ ಇಡಿ. ನಮ್ಮ ಮನೆಗೆ ನುಸಿ ಬಂದದ್ದು ನರ್ಸರಿಯಿಂದ ತಂದ ಒಂದು ಗುಲಾಬಿಯ ಜೊತೆ ಅಂತ ಈಗ ನನಗೆ ಅನ್ನಿಸುತ್ತದೆ. ಹೂ ನೋಡಿ ಮರುಳಾಗಿ ತಂದಿದ್ದೆ, ಎಲೆ ತಿರುಗಿಸಿರಲಿಲ್ಲ. ಈಗ ನರ್ಸರಿಯಲ್ಲಿ ನಿಂತೇ ಹಾಳೆ ಹಿಡಿದು ತಟ್ಟುತ್ತೇನೆ. ಮಾರುವವರು ಒಂದು ಥರ ನೋಡುತ್ತಾರೆ, ನೋಡಲಿ.

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೊರಟುಹೋಗುತ್ತದೆ ಅಂತಾರಲ್ವಾ, ನುಸಿ ಕಾಯುತ್ತಿರುವುದೂ ಅದನ್ನೇ. ಈ ವರ್ಷ ಹಬ್ಬದ ಮಾರನೇ ದಿನದಿಂದಲೇ ಪ್ರತಿ ಭಾನುವಾರ ಹಾಳೆ ಹಿಡಿಯುತ್ತಿದ್ದೇನೆ. ಮೂರನೇ ಭಾನುವಾರ ಪಡುವಣ ಕಿಟಕಿಯ ದಾಸವಾಳದಲ್ಲಿ ಎರಡು ಸಿಕ್ಕವು. ಬೆರಳಿಟ್ಟು ಉಜ್ಜಿದೆ, ಕೆಂಪು ಗೆರೆ. ಅರ್ಧ ಗಂಟೆಯಲ್ಲಿ ಗಿಡ ಬಚ್ಚಲಿನಲ್ಲಿತ್ತು.